ವಾಸನೆ ಹೇಳಬಾರದ ಎಲೆ

ನಮ್ಮಕ್ಕನ ಜೊತೆ ಒಂದು ವಾರ ಇದ್ದು ನೋಡಿ, ಆಮೇಲೆ ನನ್ನ ಬಾಯಿ ಜೋರು ಅನ್ನಿ. ನಾನು ಬೇಡ ಅನ್ನಲ್ಲ. ನಮ್ಮದು ಮೂರನೇ ಮಹಡಿಯ ಪುಟ್ಟ ಮನೆ. ಹೊರಗಿನ ಕೋಣೆ ನನ್ನದು: ಹೊಲಿಗೆ ಮೆಷಿನ್ನು, ಇಸ್ತ್ರಿ ಮೇಜು, ಗಿರಾಕಿಗಳ ಬಟ್ಟೆಯ ರಾಶಿ. ಒಳಗಿನ ಕೋಣೆ ಅಕ್ಕನದು. ಮಧ್ಯೆ ಅಡುಗೆಮನೆ, ಅದರಾಚೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಂಥ ಬಾಲ್ಕನಿ. ಅಲ್ಲಿ ಮೊದಲು ನಾನು ಬಟ್ಟೆ ಒಣಗಿಸುತ್ತಿದ್ದೆ. ಈಗ ಅಲ್ಲಿ ಜಪಾನಿನ ಸೊಪ್ಪು ಬೆಳೆಯುತ್ತದೆ. ಬಟ್ಟೆ ನನ್ನ ತಲೆ ಮೇಲೆ ಹಗ್ಗದಲ್ಲಿ ನೇತಾಡುತ್ತದೆ.

ಯಾಕೆ ಜಪಾನು ಅಂತ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ನಿಮಗೆ ಅರ್ಥವಾಗುವುದಿಲ್ಲ.

ಅಕ್ಕ ಸಾಬೂನು ಕಾರ್ಖಾನೆಯಲ್ಲಿ ವಾಸನೆ ನೋಡುವವಳು. ಹೌದು, ಅದೂ ಒಂದು ಕೆಲಸ. ಸಾಬೂನಿನ ಪಾಕ ಅಚ್ಚಿಗೆ ಹೋಗುವ ಮುಂಚೆ ಒಂದು ಚೂರು ಅಕ್ಕನ ಮೇಜಿಗೆ ಬರಬೇಕು. ಬಣ್ಣ ನೋಡಿ ಮನಸ್ಸು ಮೋಸಹೋಗದ ಹಾಗೆ ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂಸಿ ನೋಡುತ್ತಾಳೆ. "ಸರಿ" ಅಂದರೆ ಅಚ್ಚಿಗೆ, "ಊಹೂಂ" ಅಂದರೆ ವಾಪಸ್. ಅಲ್ಲಿ ಎಲ್ಲರೂ ಅವಳನ್ನು ಮೂಗಿನ ಮೇಡಂ ಅಂತಾರೆ. ಮೂಗಿನ ಮೇಡಂ ಊಹೂಂ ಅಂದರೆ ಮ್ಯಾನೇಜರೂ ಎರಡು ಮಾತಾಡುವುದಿಲ್ಲ.

ಚಿಕ್ಕವಳಿದ್ದಾಗಲೂ ಹಾಗೇ. ಅಪ್ಪ ಮೆಟ್ಟಿಲು ಹತ್ತುವ ಮುಂಚೆಯೇ "ಅಪ್ಪ ಬಂದ್ರು, ಇವತ್ತು ಚಪ್ಪಲಿ ಹೊಲಿಸ್ಕೊಂಡು ಬಂದಿದ್ದಾರೆ" ಅನ್ನುತ್ತಿದ್ದಳು. ನೋಡಲು ಬಂದ ಗಂಡನ್ನು "ಒಳ್ಳೆಯವನೇ, ಆದ್ರೆ ಒದ್ದೆ ಗೋಣಿಚೀಲದ ವಾಸನೆ, ಜೀವಮಾನ ಪೂರ್ತಿ ಹೇಗಮ್ಮ?" ಅಂತ ಬೇಡ ಅಂದವಳು. ಅಮ್ಮ ತಲೆ ತಲೆ ಚಚ್ಚಿಕೊಂಡಳು. ಇವಳು ಜಗ್ಗಲಿಲ್ಲ, ಕೊನೆಗೂ ಮದುವೆ ಆಗಲಿಲ್ಲ. ನನ್ನ ಗಂಡ ತೀರಿಕೊಂಡು ನಾನು ಮೆಷಿನ್ನು ಹೊತ್ತುಕೊಂಡು ಈ ಮನೆಗೆ ಬಂದ ದಿನ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅವಳು ಹೇಳಿದ ಮೊದಲ ಮಾತು, "ಎಷ್ಟು ದಿನ ಆಯ್ತೇ ತಲೆಗೆ ಎಣ್ಣೆ ಹಚ್ಚಿ?" ಆಮೇಲೆ ಅವಳೇ ಹಚ್ಚಿದಳು. ಕೆಳಗಿನ ಮನೆಯಲ್ಲಿ ಗ್ಯಾಸ್ ಸೋರುತ್ತಿದ್ದದ್ದನ್ನು ಮೂರನೇ ಮಹಡಿಯಲ್ಲಿ ಮಲಗಿದ್ದವಳು ಹಿಡಿದು ಇಡೀ ಕಟ್ಟಡವನ್ನು ಬೀದಿಗಿಳಿಸಿ ಉಳಿಸಿದ್ದೂ ಇದೇ ಮೂಗು.

ಆ ಮೂಗು ಒಂದು ಜ್ವರಕ್ಕೆ ಹೋಯಿತು. ಜ್ವರ ಇಳಿಯಿತು, ಮೈಕೈ ನೋವು ಇಳಿಯಿತು, ವಾಸನೆ ವಾಪಸ್ ಬರಲಿಲ್ಲ. ಮೊದಲು ಅವಳು ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಕೆಟ್ಟ ಹಾಲು ಹಾಕಿದ ಕಾಫಿಯನ್ನು ನನ್ನ ಎದುರಿಗೇ ಗಟಗಟ ಕುಡಿದಳು. ನಾನು ಬಾಗಿಲಲ್ಲಿ ನಿಂತೇ ಮೂಗು ಮುಚ್ಚಿಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು, ಲೋಟ ನೋಡಿದಳು, ಮೆಲ್ಲಗೆ ಕೆಳಗಿಟ್ಟಳು. ಆಗ ಗೊತ್ತಾಯಿತು ನನಗೆ.

ಕಾರ್ಖಾನೆಯವರು ಕೆಟ್ಟವರಲ್ಲ. ಮ್ಯಾನೇಜರು ಮನೆಗೇ ಬಂದು, "ರಜೆ ತಗೊಳ್ಳಿ ಮೇಡಂ. ನಾಲ್ಕು ತಿಂಗಳಾದ್ಮೇಲೆ ಹೊಸ ಪಾಳಿ ಶುರುವಾಗೋ ಸೋಮವಾರದವರೆಗೆ ನಿಮ್ಮ ಕುರ್ಚಿ ಹಾಗೇ ಇರುತ್ತೆ. ಅಷ್ಟರೊಳಗೆ ವಾಸನೆ ವಾಪಸ್ ಬರ್ತಿದೆ ಅನ್ನೋ ಗುರುತು ಒಂದೇ ಒಂದು ಸಿಕ್ಕಿದ್ರೂ ಬಂದು ಹೇಳಿ, ಇನ್ನೂ ಕಾಯ್ತೀವಿ. ಇಲ್ಲಾಂದ್ರೆ ಪ್ಯಾಕಿಂಗ್ ಹಾಲಿಗೆ ಹಾಕ್ಬೇಕಾಗುತ್ತೆ" ಅಂದರು. ಅವರು ಅತ್ತ ಹೋದ ಮೇಲೆ ನಾನು ಹೇಳಿದೆ, "ಸುಮ್ನೆ ಬರ್ತಿದೆ ಅಂದುಬಿಡು. ನಿನ್ನ ಮೂಗಿನೊಳಗೆ ಬಗ್ಗಿ ನೋಡೋರು ಯಾರಿದ್ದಾರೆ?"

ಅಕ್ಕ ನನ್ನನ್ನು ನೋಡಿದ ನೋಟ ಇದೆಯಲ್ಲ, ದರಿದ್ರ ಪಾಕ ತಂದವರನ್ನು ನೋಡುವ ನೋಟ. "ನನ್ನ ಮಾತನ್ನ ನಂಬಿ ಅವರು ಅಷ್ಟೂ ಸಾಬೂನು ಅಚ್ಚಿಗೆ ಹಾಕ್ತಾರೆ ಕಣೇ. ನಾನೇ ಸುಳ್ಳು ಹೇಳಿದ್ರೆ ಆ ಕುರ್ಚಿಯಲ್ಲಿ ಕೂತು ಏನ್ ಮಾಡ್ಲಿ?" ಅಂದಳು. ಸರಿ ತಾಯಿ, ನೀನೇ ಸತ್ಯವಂತೆ, ಅಂತ ನಾನು ಮೆಷಿನ್ನು ತುಳಿದೆ.

ಎದುರು ರಸ್ತೆಯ ಕಿವಿ ಮೂಗು ಗಂಟಲಿನ ಡಾಕ್ಟರು ನನ್ನ ಗಿರಾಕಿ. ಅವರ ಬಿಳಿ ಕೋಟುಗಳ ತೋಳು ಮೊಟಕು ಮಾಡುವುದು, ಗುಂಡಿ ಹಾಕುವುದು, ಇಸ್ತ್ರಿ, ಎಲ್ಲ ನನ್ನದೇ. ಅವರು ಅಕ್ಕನಿಗೆ ಒಂದು ಅಭ್ಯಾಸ ಹೇಳಿಕೊಟ್ಟರು: ನಿಂಬೆಹಣ್ಣು, ಲವಂಗ, ಗುಲಾಬಿ, ಹೀಗೆ ಗಾಢವಾದ ವಾಸನೆಗಳನ್ನು ದಿನಾ ಬೆಳಿಗ್ಗೆ ಸಂಜೆ ಮನಸ್ಸಿಟ್ಟು ಮೂಸಬೇಕು, ಮೂಗು ಮತ್ತೆ ಕಲಿಯುತ್ತೆ ಅಂತ. ಅಕ್ಕ ಕಣ್ಣು ಮುಚ್ಚಿ ಕೂರುವುದು, ನಾನು ಹೆಸರು ಹೇಳಿ ಒಂದೊಂದೇ ಮೂಗಿಗೆ ಹಿಡಿಯುವುದು. ಸ್ವಲ್ಪ ದಿನ ಆದ ಮೇಲೆ ಒಂದು ಸಂಜೆ "ನಿಂಬೆಹಣ್ಣು" ಅಂತ ಹಿಡಿದೆ. "ಬಂತು! ಬಂತು ಕಣೇ ಪುಟ್ಟಿ! ನಿಂಬೆ, ಚೆನ್ನಾಗಿ ಬರ್ತಿದೆ!" ಅಂತ ಅವಳ ಮುಖ ಅರಳಿತು. ನನಗೂ ಕುಣಿಯುವಷ್ಟು ಖುಷಿ. ಕೈ ನೋಡಿಕೊಂಡೆ. ನನ್ನ ಕೈಯಲ್ಲಿದ್ದದ್ದು ನಿಂಬೆಹಣ್ಣಲ್ಲ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಎಡಗೈಯಲ್ಲಿ ಅಂಚು ಮಡಿಸುತ್ತಾ ಬಲಗೈಗೆ ಸಿಕ್ಕಿದ್ದನ್ನು ಹಿಡಿದಿದ್ದೆ.

ಮುಚ್ಚಿಟ್ಟುಕೊಳ್ಳುವ ಮುಂಚೆ ಅವಳು ಕಣ್ಣು ಬಿಟ್ಟಳು.

ಆ ರಾತ್ರಿ ಊಟ ಬಿಟ್ಟಳು. ಬೆಳಿಗ್ಗೆ ಎದ್ದವಳೇ ತೀರ್ಪು ಕೊಟ್ಟಳು. "ಗೊತ್ತಿರೋ ವಾಸನೆ ಯಾವುದೂ ಕೆಲಸಕ್ಕೆ ಬರಲ್ಲ. ನೀನು ಹೆಸರು ಹೇಳಿದ ತಕ್ಷಣ ನನ್ನ ತಲೆ ವಾಸನೆ ತಯಾರು ಮಾಡ್ಬಿಡುತ್ತೆ. ಹುಟ್ಟಿದಾಗಿಂದ ಒಂದ್ಸಲವೂ ಮೂಸದೇ ಇರೋದು ಬೇಕು. ಅದರ ವಾಸನೆ ನನಗೆ ಬಂದ್ರೆ, ಅದು ಮೂಗಿಂದಾನೇ ಬಂದಿದ್ದು."

ಇದುವರೆಗೂ ಸರಿ, ಒಪ್ಪಿದೆ. ಆದರೆ ಈ ಮೂಗು ಮೂಸದೇ ಬಿಟ್ಟದ್ದು ಲೋಕದಲ್ಲಿ ಏನಿದೆ? ಆಗ ಅವಳಿಗೆ ಬೀಜದ ಪೊಟ್ಟಣಗಳು ನೆನಪಾದವು. ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಜಪಾನಿನ ಇಂಜಿನಿಯರು ಹೋಗುವಾಗ ಅವಳಿಗೆ ಕೊಟ್ಟು ಹೋಗಿದ್ದರಂತೆ. ಕಪಾಟಿನ ಮೂಲೆಯಿಂದ ಹೊರಗೆ ಬಂದವು: ಮಿಜುನಾ, ಶುಂಗಿಕು, ಮಿತ್ಸುಬಾ, ನೇಗಿ, ಶಿಸೊ. ಹೆಸರು ಮಾತ್ರ ಅವರು ನಮಗೆ ಓದಲು ಬರುವ ಅಕ್ಷರದಲ್ಲಿ ಬರೆದಿದ್ದರು. ಉಳಿದದ್ದೆಲ್ಲ ಜಪಾನಿ ಲಿಪಿ, ಹಿಂದುಗಡೆ ಬಿತ್ತುವ ಕ್ರಮದ ಸಣ್ಣ ಸಣ್ಣ ಚಿತ್ರ. ಫೋನಿನಲ್ಲಿ ಹುಡುಕೋಣ ಅಂದೆ. "ಮುಟ್ಟಬೇಡ! ಅಲ್ಲಿ ಯಾವನಾದ್ರೂ ಇದರ ವಾಸನೆ ಹೀಗಿರುತ್ತೆ ಅಂತ ಬರೆದಿರ್ತಾನೆ" ಅಂತ ಫೋನು ಕಿತ್ತುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಬಟ್ಟೆ ನೆನೆಸುವ ನನ್ನ ಟಬ್ಬು ಮಣ್ಣು ಕಲಸಲು ಹೋಯಿತು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಸಸಿಗಳ ಸೇವೆಗೆ ಹೋಯಿತು. ನನ್ನ ಒಳ್ಳೆಯ ಕತ್ತರಿ, ನಾನು ಕಾಗದಕ್ಕೂ ತಾಗಿಸದ ಕತ್ತರಿ, ಒಂದು ದಿನ ಕುಂಡದಲ್ಲಿ ಸಿಕ್ಕಿತು, ಬಾಯಲ್ಲಿ ಕೆಸರು ಮೆತ್ತಿಕೊಂಡು! ನರ್ಸ್ ಒಬ್ಬರ ಬಿಳಿ ಪ್ಯಾಂಟಿನ ಮೇಲೆ ಐದೂ ಬೆರಳಿನ ಮಣ್ಣಿನ ಗುರುತು. ಕೂಗಾಡಿದರೆ, "ಒಗೆದ್ರೆ ಹೋಗುತ್ತೆ, ಸಾಬೂನಿನ ಮನೆಯಲ್ಲಿದ್ದೀಯ" ಅಂತ ಉತ್ತರ. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಮಣ್ಣಾದರೂ ಸಹಿಸಿಯೇನು, ಅವಳು ಹಾಕಿದ ಕಾನೂನು ಸಹಿಸಲಾಗಲಿಲ್ಲ. ಗಿಡ ಬಂದ ಮೇಲೆ ಮೊದಲು ನಾನು ಮೂಸಬೇಕು. ವಾಸನೆ ಇದ್ದರೆ "ಇದೆ" ಅನ್ನಬೇಕು, ಅಷ್ಟೇ. ಎಂಥದ್ದು, ಯಾವುದರ ಹಾಗೆ, ಒಂದಕ್ಷರ ಹೇಳಬಾರದು. ಹೇಳಿದರೆ ಆ ಗಿಡ ಕೆಟ್ಟಿತು. ನನ್ನ ಬಾಯಿಗೆ ಬೀಗ! ಗಿರಾಕಿಗಳ ಸೊಂಟದ ಸುತ್ತಳತೆಯನ್ನೇ ಹೊಟ್ಟೆಯಲ್ಲಿಟ್ಟುಕೊಳ್ಳಲು ಪಾಡುಪಡುವವಳು ನಾನು.

ಮಿಜುನಾ ಎಲ್ಲಕ್ಕಿಂತ ಮೊದಲು ಬಂತು. ಯಾರೋ ಕತ್ತರಿಯಿಂದ ಅಂಚು ಸೀಳಿದಂಥ ಎಲೆ, ನೋಡಲು ಚಂದ. ಮೂಸಿದೆ, ಏನೂ ತಿಳಿಯಲಿಲ್ಲ. ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡೆ. "ಅರೆ, ಸಾಸಿವೆ!" ಅಂದುಬಿಟ್ಟೆ. ಬಾಯಿಂದ ಜಾರಿತು, ಏನು ಮಾಡಲಿ? ಅಕ್ಕ ಆ ಕುಂಡವನ್ನು ಎತ್ತಿ ಅಡುಗೆಮನೆಯಲ್ಲಿ ನನ್ನ ಮುಂದೆ ಕುಕ್ಕಿದಳು. "ತಗೋ, ಬೇಯಿಸ್ಕೊಂಡು ತಿನ್ನು." ಇಡೀ ದಿನ ಮುಖ ಊದಿಸಿಕೊಂಡಿದ್ದಳು.

ನೇಗಿ ಅಂದರೆ ಈರುಳ್ಳಿಯ ತಮ್ಮ. ಮೊಳಕೆ ನೋಡಿಯೇ ಇಬ್ಬರಿಗೂ ಗೊತ್ತಾಯಿತು, ಅದೂ ಅಡುಗೆಮನೆಗೆ ಬಂತು. ಮಿತ್ಸುಬಾದ ಸಸಿಗಳು ಅಕ್ಕ ಹೊತ್ತುಹೊತ್ತಿಗೆ ನೀರು ಸುರಿದು ಸುರಿದು ಬುಡ ಕೊಳೆತು ಮಲಗಿದವು. "ಗಿಡಾನ ಬೆಳೆಸ್ತಿದ್ದೀಯೋ ಮುಳುಗಿಸ್ತಿದ್ದೀಯೋ?" ಅಂದೆ.

ಶುಂಗಿಕು ಚೆನ್ನಾಗಿ ಬಂದಿತ್ತು. ಎಲೆ ಸವರಿದರೆ ಸಾಕು, ಕೈಗೆ ವಾಸನೆ ಹತ್ತುತ್ತಿತ್ತು. ನಾನು "ಇದೆ" ಅಂದು ಹಲ್ಲು ಕಚ್ಚಿ ಸುಮ್ಮನಿದ್ದೆ. ಅಕ್ಕ ದಿನಾ ಮೂಸುತ್ತಿದ್ದಳು, ಬರುತ್ತಿರಲಿಲ್ಲ, ಆದರೆ ಆಸೆ ಇತ್ತು. ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ವಕ್ಕರಿಸಿದರು. ಚಪ್ಪಲಿ ಬಿಡುವ ಮುಂಚೆ ಬಾಲ್ಕನಿಗೆ ಇಣುಕುವ ಮನುಷ್ಯ. ನಾನು ಅಡ್ಡ ಓಡಿ, "ಚಿಕ್ಕಪ್ಪ, ಏನೂ ಮಾತಾಡ್ಬೇಡಿ, ಕೈಮುಗೀತೀನಿ" ಅಂದೆ. "ಯಾಕಮ್ಮ, ಸೇವಂತಿಗೆ ಬೆಳೆಸೋದೇನು ಕಳ್ಳತನವಾ? ಘಮ್ ಅಂತ ಸೇವಂತಿಗೆ ವಾಸನೆ ಬಾಗಿಲವರೆಗೂ ಬರ್ತಿದೆಯಲ್ಲ!" ಅಂತ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅಂದರು. ಒಳಗಿನ ಕೋಣೆಯಿಂದ ಅಕ್ಕ ಬಂದಳು. ಕುಂಡ ಎತ್ತಿ ಅವರ ಕೈಗೇ ಕೊಟ್ಟಳು. "ಮನೆಗೆ ತಗೊಂಡು ಹೋಗಿ ಚಿಕ್ಕಪ್ಪ." ಅವರು ಅದನ್ನು ಉಡುಗೊರೆ ಅಂದುಕೊಂಡು ಖುಷಿಯಾಗಿ ಹೊತ್ತುಕೊಂಡು ಹೋದರು.

ಉಳಿದದ್ದು ಶಿಸೊ ಒಂದೇ. ಅದಾದರೂ ಬಂತೇ? ಬೀಜ ಅಂದಮೇಲೆ ಮಣ್ಣೊಳಗೆ ಅಂತ ಬೆರಳಿನಿಂದ ಗುಂಡಿ ಮಾಡಿ ಆಳಕ್ಕೆ ಹೂತಿದ್ದೆವು. ಕುಂಡ ಬೋಳು. ಪೊಟ್ಟಣದ ಚಿತ್ರದಲ್ಲಿ ಒಂದು ಕೈ ಬೀಜ ಉದುರಿಸುತ್ತಿತ್ತು, ಪಕ್ಕದ ಚಿತ್ರದಲ್ಲಿ ಬರೀ ಸೂರ್ಯ. ಮಣ್ಣು ಮುಚ್ಚುವ ಚಿತ್ರ ಹಾಕಲು ಮರೆತಿದ್ದಾರೆ ಅಂತ ಜಪಾನಿನವರನ್ನೇ ಬೈದಿದ್ದೆ. ಒಂದು ದಿನ ಅಕ್ಕ ಆ ಪೊಟ್ಟಣ ಕಣ್ಣಿನ ಹತ್ತಿರ ಹಿಡಿದುಕೊಂಡು, "ಮರೆತಿಲ್ಲ ಕಣೇ, ಮುಚ್ಚಲೇಬಾರದು ಅಂತಿದ್ದಾರೆ. ಈ ಬೀಜಕ್ಕೆ ಬೆಳಕು ಬೇಕು" ಅಂದಳು. ಉಳಿದ ಬೀಜ ನೀರಲ್ಲಿ ನೆನೆಸಿ, ಮಣ್ಣಿನ ಮೇಲೆ ಹಾಗೇ ಉದುರಿಸಿ, ಮೆಲ್ಲಗೆ ಒತ್ತಿದಳು. ಗುಬ್ಬಿ ತಿನ್ನದಿರಲಿ ಅಂತ ಮೇಲೆ ತೆಳು ಮಲ್ ಬಟ್ಟೆ. ಆ ಬಟ್ಟೆಯೂ ನನ್ನದೇ, ಹೇಳಬೇಕೇ?

ಬಂದವು. ಮೊದಲು ಕಾಣದಷ್ಟು ಸಣ್ಣ ಜೋಡಿ ಎಲೆ, ಆಮೇಲೆ ಅಂಚಿಗೆ ಗರಗಸದ ಹಲ್ಲಿರುವ ಅಗಲ ಎಲೆ. ಒಂದೇ ಒಂದು ಗಿಡ ಗಟ್ಟಿಯಾಗಿ ನಿಂತಿತು. ಅಕ್ಕ ಒಂದೆಲೆ ಕಿತ್ತು ಉಜ್ಜಿ ನನ್ನ ಮೂಗಿಗೆ ಹಿಡಿದಳು.

ಅಬ್ಬಾ! ಆ ವಾಸನೆ! ಇಂಥದ್ದು ಅಂತ ನಿಮಗೂ ಹೇಳುವುದಿಲ್ಲ. ನಿಮ್ಮ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ, ಎಲ್ಲಾದರೂ ಅಕ್ಕನ ಕಿವಿಗೆ ಬಿದ್ದರೆ ನನ್ನ ಗತಿ? "ಇದೆ" ಅಂದೆ. ಅವಳು ಮೂಸಿದಳು, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ. "ಇಲ್ಲ" ಅಂದಳು.

ಅಲ್ಲಿಂದ ದಿನಾ ಇದೇ ಪಾರಾಯಣ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದರೆ "ಪುಟ್ಟೀ, ಬಾರೇ!" ಗಿರಾಕಿಯ ಭುಜಕ್ಕೆ ಟೇಪು ಹಿಡಿದಿದ್ದರೆ "ಪುಟ್ಟೀ!" ಹೋಗಬೇಕು, ಮೂಸಬೇಕು, ಇದೆ ಅನ್ನಬೇಕು, ಅವಳು ಇಲ್ಲ ಅನ್ನಬೇಕು, ನಾನು ತೆಪ್ಪಗೆ ವಾಪಸ್ ಬರಬೇಕು. ಮೆಷಿನ್ನಿನ ಮುಂದೆ ಕೂತರೂ ಆ ವಾಸನೆಯ ಹೆಸರು ನನ್ನ ನಾಲಿಗೆ ತುದಿಯಲ್ಲಿ ಕುಣಿಯುತ್ತಿತ್ತು. ಗಿರಾಕಿಗಳು "ಯಾಕೆ, ಹಲ್ಲು ನೋವಾ?" ಅಂತ ಕೇಳುವಷ್ಟು ತುಟಿ ಬಿಗಿಹಿಡಿದಿದ್ದೆ. ಗಿಡದಲ್ಲಿ ಎಲೆ ಕಡಿಮೆಯಾಗುತ್ತಾ ಬಂತು. ಸೋಮವಾರ ಹತ್ತಿರ ಬಂತು.

ಶನಿವಾರ ಮಧ್ಯಾಹ್ನ. ಡಾಕ್ಟರ ಬಿಳಿ ಕೋಟು ಇಸ್ತ್ರಿ ಮಾಡುತ್ತಿದ್ದೆ. ಕೂಗು ಬಂತು. ಆದರೆ ಈ ಸಲ "ಬಾರೇ" ಅನ್ನುವುದರಲ್ಲಿ ಜೋರಿರಲಿಲ್ಲ. ಅದಕ್ಕೇ ಇರಬೇಕು, ಎಲ್ಲ ಇದ್ದಹಾಗೇ ಬಿಟ್ಟು ಹೋದೆ.

ಅಕ್ಕ ಬಾಲ್ಕನಿಯ ಹೊಸ್ತಿಲ ಮೇಲೆ ಕೂತಿದ್ದಳು. ಕೈಯಲ್ಲಿ ಒಂದೆಲೆ. "ಸಾಕು ಪುಟ್ಟಿ. ಇದರ ವಾಸನೆ ಏನು, ಹೇಳಿಬಿಡು" ಅಂದಳು.

"ಏನು?"

"ಹೇಳು ಅಂದೆ. ಪ್ಯಾಕಿಂಗ್ ಹಾಲಲ್ಲಿ ದೊಡ್ಡ ಕಿಟಕಿ ಇದೆಯಂತೆ, ಗಾಳಿ ಚೆನ್ನಾಗಿ ಬರುತ್ತಂತೆ. ಬೆಳೆಸಿದ್ದಕ್ಕೆ ವಾಸನೆ ಎಂಥದ್ದು ಅಂತಾದ್ರೂ ಗೊತ್ತಿರಲಿ."

ನೋಡಿ, ಇಷ್ಟು ದಿನ ಹೇಳಬೇಕು ಹೇಳಬೇಕು ಅಂತ ಹೊಟ್ಟೆ ಉಬ್ಬರಿಸಿಕೊಂಡಿದ್ದವಳು ನಾನು. ಈಗ ಹೇಳು ಅಂದರೆ ಸಿಟ್ಟು ಬಂತು, ಎಂಥ ಸಿಟ್ಟು! "ಹೇಳಲ್ಲ! ನನ್ನ ಟಬ್ಬು ತಗೊಂಡೆ, ಕತ್ತರಿ ಹಾಳುಮಾಡಿದೆ, ನನ್ನ ಬಾಯಿ ಹೊಲಿದೆ, ಈಗ ಸಾಕು ಅಂತೀಯಾ? ನೀನು ಆ ಕೆಟ್ಟ ಹಾಲಿನ ಕಾಫಿ ಕುಡಿದ ದಿನದಿಂದ ನಾನು ಒಂದೊಂದು ಪಾತ್ರೆನೂ ನಿನ್ನ ಬದಲು ಮೂಸಿ ಮೂಸಿ ಇಡ್ತಿದ್ದೀನಿ, ಯಾವತ್ತಾದ್ರೂ ಸಾಕು ಅಂದಿದ್ದೀನಾ?"

"ಕೂಗಾಡ್ಬೇಡ್ವೇ."

"ಕೂಗಾಡ್ತೀನಿ! ಇನ್ನೊಂದ್ಸಲ ಮೂಸು."

"ಬರಲ್ಲ ಕಣೇ ಪುಟ್ಟಿ. ನನಗೆ ಬರಲ್ಲ."

ಅವಳು ಹಾಗೆ ಮೆತ್ತಗೆ ಹೇಳಿದ್ದನ್ನು ನನ್ನ ಕೈಲಿ ಕೇಳಲಾಗಲಿಲ್ಲ. ಅವಳ ಮುಂದೆ ಕುಕ್ಕರಿಸಿ, ಎಲೆಯನ್ನು ನಾನೇ ಉಜ್ಜಿ, ಅವಳ ಮೂಗಿಗೆ ಒತ್ತಿದೆ. ನನ್ನ ಕಾಟ ತಪ್ಪಲಿ ಅಂತಲೇ ಅವಳು ಉಸಿರೆಳೆದಳು. ಒಂದು ಸಲ. ತಲೆ ಎತ್ತಿದಳು. ಇನ್ನೊಂದು ಸಲ.

"ಇದೇನೇ ಇದು," ಅಂದಳು. "ಬಟ್ಟೆ ಸೀದ ಹಾಗೆ ಇದೆಯಲ್ಲ?"

ಆ ಎಲೆಗೂ ಸೀದ ಬಟ್ಟೆಗೂ ಅಜಗಜಾಂತರ. ಮತ್ತೆ ತಲೆಯೇ ತಯಾರು ಮಾಡಿದ ವಾಸನೆ, ಮತ್ತೆ ಅದೇ ಸೀಮೆಸುಣ್ಣದ ಕತೆ. ಇಲ್ಲ ಅಕ್ಕ, ಅದಲ್ಲ, ಅಂತ ಹೇಗೆ ಹೇಳಲಿ? ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದೆ. ನನ್ನ ಮೂಗಿನ ತುಂಬ, ಬೆರಳಿನ ತುಂಬ ಆ ಎಲೆಯದೇ ಘಾಟು.

"ಅಲ್ಲವೇ? ಸೀದದ್ದೇ ಕಣೇ. ಜಾಸ್ತಿ ಆಗ್ತಿದೆ," ಅಂದಳು ಅಕ್ಕ.

ಜಾಸ್ತಿ ಆಗ್ತಿದೆ?

"ಅಯ್ಯೋ ನನ್ನ ಇಸ್ತ್ರಿ ಪೆಟ್ಟಿಗೆ!"

ಬಿದ್ದಂಬೀಳ ಓಡಿದೆ. ಹೊರಗಿನ ಕೋಣೆಯಲ್ಲಿ ಹೊಗೆ ಎದ್ದಿತ್ತು. ಪೆಟ್ಟಿಗೆ ಡಾಕ್ಟರ ಕೋಟಿನ ಬೆನ್ನ ಮೇಲೆ ಬೋರಲು ಮಲಗಿದ ಹಾಗೆ ಕೂತಿತ್ತು. ಎತ್ತಿದರೆ ಕೆಳಗೆ ಪೆಟ್ಟಿಗೆಯದೇ ಆಕಾರದಲ್ಲಿ ಕಂದು ಗುರುತು, ನಡುವೆ ಕಪ್ಪು. ಹೊಚ್ಚ ಹೊಸ ಕೋಟು! "ಹಾಳಾಯ್ತು, ಎಲ್ಲ ಹಾಳಾಯ್ತು, ನಿನ್ನ ಸೊಪ್ಪಿಗಿಷ್ಟು ಬೆಂಕಿ ಹಾಕ" ಅಂತ ಶುರುಮಾಡಿದವಳು ಅರ್ಧಕ್ಕೆ ನಿಂತೆ. ನನಗೆ ಅಷ್ಟು ಹೊತ್ತೂ ವಾಸನೆ ಬಂದಿರಲಿಲ್ಲ. ಹೆಸರು ಯಾರೂ ಹೇಳಿರಲಿಲ್ಲ. ಪೆಟ್ಟಿಗೆ ಯಾರಿಗೂ ಕಂಡಿರಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಂದವಳೇ ಕೋಟನ್ನು ನನ್ನ ಕೈಯಿಂದ ಕಿತ್ತುಕೊಂಡು, ಆ ಬಿಸಿಬಿಸಿ ಗುರುತಿಗೆ ಮುಖ ಹುದುಗಿಸಿದಳು. ಉಸಿರೆಳೆಯುವುದು, ಬಿಡುವುದು, ಎಳೆಯುವುದು. ಭುಜ ಅಲುಗುತ್ತಿತ್ತು. ತಲೆ ಎತ್ತಿದಾಗ ಮೂಗಿನ ತುದಿಗೆ ಮಸಿ ಹತ್ತಿತ್ತು.

"ಕಡಿಮೆ ಆಗ್ತಿದೆ," ಅಂದಳು ಗಾಬರಿಯಿಂದ. "ಇನ್ನೊಂದು ಚೂರು ಸುಡೇ."

"ನಿನಗೇನು ತಲೆ ಕೆಟ್ಟಿದೆಯಾ? ಇದು ಡಾಕ್ಟರ ಕೋಟು!"

"ಚಿಂದಿ ಸುಡೇ, ಬೇಗ!"

ಚಿಂದಿ ಬುಟ್ಟಿಯಿಂದ ಒಂದು ತುಂಡು ತೆಗೆದು ಪೆಟ್ಟಿಗೆಯ ಕೆಳಗಿಟ್ಟೆ. ಬಟ್ಟೆ ಕಂದಾಗುವುದನ್ನು ಕಾಯುತ್ತಾ ನಿಂತ ದರ್ಜಿ ನಾನೊಬ್ಬಳೇ ಇರಬೇಕು. ಅಕ್ಕ ಕುರ್ಚಿಯಲ್ಲಿ ಕೂತು, ನನ್ನ ಟೇಪು ಪಕ್ಕಕ್ಕೆ ಸರಿಸಿ, ಒಂದು ಬಟ್ಟೆ ತೆಗೆದು ತಾನೇ ಕಣ್ಣಿಗೆ ಕಟ್ಟಿಕೊಂಡಳು, ಕಾರ್ಖಾನೆಯಲ್ಲಿ ಕಟ್ಟಿಕೊಳ್ಳುವ ಹಾಗೆ. "ಹಿಡಿ. ಹೆಸರು ಹೇಳ್ಬೇಡ" ಅಂದಳು.

ಸುಟ್ಟ ತುಂಡು ಹಿಡಿದೆ. "ಇದೆ. ಸ್ವಲ್ಪ. ದೂರದಿಂದ ಬಂದ ಹಾಗೆ."

ಸುಡದ ತುಂಡು ಹಿಡಿದೆ. "ಇಲ್ಲ."

ಮತ್ತೆ ಸುಟ್ಟದ್ದು. "ಇದೆ."

ಶಿಸೊ ಎಲೆ ಹಿಡಿದೆ. ಬಹಳ ಹೊತ್ತು ಮೂಸಿದಳು. "ಇಲ್ಲ. ಇನ್ನೂ ಇಲ್ಲ," ಅಂದಳು. ದನಿಯಲ್ಲಿ ಬೇಜಾರಿರಲಿಲ್ಲ. "ಇದರದ್ದು ಹೇಳ್ಬೇಡ್ವೇ ಮತ್ತೆ. ನಾನು ಆಗ ಹೇಳು ಅಂದಿದ್ದನ್ನ ಬಿಟ್ಟುಬಿಡು. ಸೋಮವಾರ ಹೋಗಿ ಇಷ್ಟೇ ಹೇಳ್ತೀನಿ, ಸೀದದ್ದು ಮಾತ್ರ ಬರ್ತಿದೆ, ಕಾಯಿರಿ ಅಂತ."

"ಡಾಕ್ಟರಿಗೇನು ಹೇಳೋದು?"

"ಕೋಟನ್ನೇ ಕೊಡು. ಅದೇ ರಿಪೋರ್ಟು."

ನನಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದು ಮೂಗು ಸೋರಿತು. ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಾ ಮೇಜು ತಡಕಿದರೆ ಕೈಗೆ ಸಿಕ್ಕಿದ್ದು ಸೀಮೆಸುಣ್ಣ. ಅದನ್ನೇ ಅವಳ ಮೂಗಿಗೆ ಹಿಡಿದೆ. "ನಿಂಬೆಹಣ್ಣು," ಅಂದೆ.

ಅಕ್ಕ ಮೂಸಿದಳು. ಸರಿಯಾಗಿ, ಪೂರ್ತಿ ಉಸಿರೆಳೆದು ಮೂಸಿದಳು.

"ಊಹೂಂ," ಅಂದಳು ಮೂಗಿನ ಮೇಡಂ. "ಇದರಲ್ಲಿ ಏನೂ ಇಲ್ಲ. ತಗೊಂಡು ಹೋಗಿ."